ಕೊಡಗಿನಲ್ಲಿ ಕೈಗೆಟುಕುವ ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಉಪನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ ಬರೆಯುವುದು ನನ್ನ ಕಸುಬು. ಮನೆ ಕುಶಾಲನಗರದಲ್ಲಿ. ನಾನು ಸೈಟು ಮಾರುವವನಲ್ಲ, ಯಾರ ಕಮಿಷನ್ನೂ ನನಗಿಲ್ಲ. ಪತ್ರ ಬರೆಸಲು ಬಂದವರು ಸಹಿಗೆ ಮುಂಚೆ ಕೇಳುವ ಪ್ರಶ್ನೆಗಳು, ಸಹಿ ಹಾಕಿ ಎರಡು ವರ್ಷ ಕಳೆದ ಮೇಲೆ ಮುಖ ಸಣ್ಣ ಮಾಡಿಕೊಂಡು ಬಂದು ಕೇಳುವ ಪ್ರಶ್ನೆಗಳು, ಎರಡೂ ನನಗೆ ಬಾಯಿಪಾಠ. ಅವರವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ.

## ಈಗಷ್ಟೇ ಹುಡುಕಲು ಹೊರಟವರದು

ಕೊಡಗಲ್ಲಿ ಎಲ್ಲಾ ಕಡೆ ರೇಟು ಏರಿಬಿಟ್ಟಿದೆಯಂತೆ. ನಮ್ಮಂಥ ಸಂಬಳದವರಿಗೆ ಇನ್ನೂ ಏನಾದ್ರೂ ಸಿಗುತ್ತಾ ಸರ್?

ಸಿಗುತ್ತದೆ. ಏರಿಕೆ ಎಲ್ಲಾ ಕಡೆ ಒಂದೇ ಸಮ ಇಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ರಸ್ತೆ ಉದ್ಘಾಟನೆಯಾದ ಮೇಲೆ ಶನಿವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಇಲ್ಲಿರುವವರು ಹೆಚ್ಚಾದರು. 2024, 2025ರಲ್ಲಿ ರೊಬಸ್ಟಾ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ತೋಟದವರ ಕೈಯಲ್ಲಿ ಕಾಸು ಓಡಾಡಿತು, ಪಟ್ಟಣದಲ್ಲಿ ಮಕ್ಕಳಿಗೊಂದು ಸೈಟು ಎಂದು ಅವರೂ ಹುಡುಕತೊಡಗಿದರು. ಈ ಎರಡು ಕಡೆಯ ಹಣ ಬಂದು ಬಿದ್ದದ್ದು ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಎಂಬ ಹೆಸರುಗಳ ಮೇಲೆ. ಅದೇ ಪಟ್ಟಣದಿಂದ ಐದಾರು ಕಿಲೋಮೀಟರ್ ಆಚೆ ಹೋದರೆ ಬೆಲೆ ಉಸಿರಾಡುವ ಮಟ್ಟಕ್ಕೆ ಇಳಿಯುತ್ತದೆ.

ಆದರೆ ಅಗ್ಗವಾಗಿ ಸಿಕ್ಕಿತು ಎಂದು ಹಿಗ್ಗುವ ಮೊದಲು ಅಗ್ಗ ಯಾಕೆ ಎಂದು ಕೇಳಿ. ಪಟ್ಟಣದಿಂದ ದೂರ, ಬಸ್ಸು ಕಮ್ಮಿ, ಒಳ್ಳೆ ಶಾಲೆ ಇಲ್ಲ, ಊರಿನ ಹೆಸರು ಯಾರಿಗೂ ಗೊತ್ತಿಲ್ಲ: ಇವೆಲ್ಲ ವರ್ಷ ಕಳೆದ ಹಾಗೆ ಸರಿಹೋಗಬಹುದಾದ ಕಾರಣಗಳು. ಹೊಳೆ ಹತ್ತಿರ, ಕಡಿದಾದ ಇಳಿಜಾರು, ಪಹಣಿಯಲ್ಲಿ ಸತ್ತವರ ಹೆಸರು, ಆನೆ ದಾರಿ: ಇವು ಜಾಗದ ಜೊತೆಗೇ ಹುಟ್ಟಿದವು, ನೀವು ಮಾರಲು ಹೋದಾಗಲೂ ಇರುತ್ತವೆ. ಮೊದಲನೆಯದಕ್ಕೆ ದುಡ್ಡು ಹಾಕಿ. ಎರಡನೆಯದನ್ನು ಪುಕ್ಕಟೆ ಕೊಟ್ಟರೂ ಯೋಚಿಸಿ.

ಮಡಿಕೇರಿ ಟೌನಲ್ಲೇ ಬೇಕು ಅಂತ ಮನೆಯವಳ ಹಟ. ಕಮ್ಮಿಗೆ ಯಾವ ಏರಿಯಾ?

ಮಡಿಕೇರಿ ಬೆಟ್ಟದ ಬೆನ್ನಿನ ಮೇಲೆ ಕೂತ ಊರು. ಸಮತಟ್ಟು ಜಾಗ ಎಂಬುದು ಅಲ್ಲಿ ಮೊದಲೇ ಕಮ್ಮಿ, ಇರುವುದೆಲ್ಲ ಕಟ್ಟಿ ಮುಗಿದಿದೆ. ಟೌನಿನೊಳಗೆ ಕಮ್ಮಿ ಎಂದು ಸಿಗುವುದು ಬಹುಪಾಲು ಇಳಿಜಾರು. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದ ಕಡೆ ಮಣ್ಣು ಜಾರಿದ್ದನ್ನು ಅವರಿಗೆ ನೆನಪಿಸಿ. ಮಡಿಕೇರಿಯೇ ಬೇಕೆಂದರೆ ಮೂರ್ನಾಡು ರಸ್ತೆಯಲ್ಲಿ ಹಾಕತ್ತೂರಿನ ಆಚೆ, ಇಲ್ಲವೇ ಕುಶಾಲನಗರದ ದಾರಿಯಲ್ಲಿ ಬೋಯಿಕೇರಿಯ ಸುತ್ತ ನೋಡಿ. ವೈದ್ಯಕೀಯ ಕಾಲೇಜು ಬಂದ ಮೇಲೆ ಬಾಡಿಗೆಗೆ ಕೇಳುವವರಿದ್ದಾರೆ. ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಪಕ್ಕದ ಮನೆಯ ಅಕ್ಕನನ್ನು ಕೇಳಿ, ಮಾರುವವರನ್ನಲ್ಲ.

ಕುಶಾಲನಗರದ ಸುತ್ತ ಯಾವ ಊರು ನೋಡಬೇಕು ಹೇಳಿ. ಅಲ್ಲಿ ಎಲ್ಲರೂ ಎಲ್ಲವನ್ನೂ 'ಪ್ರೈಮ್' ಅಂತಾರೆ.

ಇಲ್ಲಿ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ನನ್ನ ಊರು. ಜಿಲ್ಲೆಯಲ್ಲಿ ಸಮತಟ್ಟಾಗಿ ಹರಡಿಕೊಂಡು ಬೆಳೆಯಲು ದಾರಿ ಇರುವ ದೊಡ್ಡ ಪಟ್ಟಣ ಇದೊಂದೇ. ಮಳೆ ಮಡಿಕೇರಿಯ ಅರ್ಧಕ್ಕೂ ಕಮ್ಮಿ. ತಾಲ್ಲೂಕು ಕೇಂದ್ರವೂ ಆಗಿದೆ. ಮುಳ್ಳುಸೋಗೆ ಈಗ ಪಟ್ಟಣಕ್ಕೇ ಸೇರಿಹೋಗಿದೆ, ಅಲ್ಲಿ ಅಗ್ಗದ ಕಾಲ ಮುಗಿಯಿತು. ಗುಡ್ಡೆಹೊಸೂರಿನಲ್ಲಿ ಮೈಸೂರು–ಕುಶಾಲನಗರ ಹೆದ್ದಾರಿಯ ಆಸೆಗೆ ಬೆಲೆ ಮುಂಚಿತವಾಗಿಯೇ ಏರಿ ಕೂತಿದೆ. ನಾಲ್ಕು ಪಥ ಬಂದ ಮೇಲೆ ಸಿಗಬೇಕಾದ ಲಾಭವನ್ನು ಮಾರುವವರು ಈಗಲೇ ಎಣಿಸಿಕೊಂಡಿದ್ದಾರೆ, ಕೊಳ್ಳುವವರಿಗೆ ಉಳಿಯುವುದೇನು?

ನಾನು ನೋಡಿ ಎನ್ನುವುದು ಹಾಸನದ ರಸ್ತೆಯ ಸಾಲು: ಕೂಡುಮಂಗಳೂರು, ಕೂಡಿಗೆ, ಹೆಬ್ಬಾಲೆ. ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿವೆ, ಅಲ್ಲಿ ದುಡಿಯುವವರಿಗೆ ವರ್ಷವಿಡೀ ಬಾಡಿಗೆ ಮನೆ ಬೇಕು. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ, ನೌಕರರಿದ್ದಾರೆ. ಹೆಬ್ಬಾಲೆ ಶುಂಠಿ, ಜೋಳ ಬೆಳೆಯುವ ಬಯಲು. ಕಿಟಕಿ ತೆರೆದರೆ ಮಂಜು, ಬೆಟ್ಟ ಏನೂ ಕಾಣುವುದಿಲ್ಲ. ಅದಕ್ಕೇ ಬೆಂಗಳೂರಿನವರು ಒಮ್ಮೆ ನೋಡಿ ಮೂಗು ಮುರಿದು ಹೋಗುತ್ತಾರೆ, ಅದಕ್ಕೇ ಬೆಲೆ ಇನ್ನೂ ನೆಲದ ಮೇಲಿದೆ. ನೋಟವಿಲ್ಲ ಎಂಬ ಕಾರಣಕ್ಕೆ ಅಗ್ಗವಾದ ಜಾಗ ಬಾಡಿಗೆಗೆ ಏನೂ ಅಡ್ಡಿಯಲ್ಲ. ಒಂದೇ ಎಚ್ಚರ: ಹೊಳೆಯಿಂದ ದೂರ ಇರಿ. ಯಾಕೆಂದು ಕೆಳಗೆ ಹೇಳುತ್ತೇನೆ.

ಸೇತುವೆ ದಾಟಿ ಕೊಪ್ಪದಲ್ಲಿ ತಗೊಂಡರೆ ಇನ್ನೂ ಕಮ್ಮಿ ಅಲ್ವಾ?

ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಸರ್ಕಾರದ ಮಾರ್ಗಸೂಚಿ ಬೆಲೆ ಬೇರೆ, ಕಚೇರಿ ಬೇರೆ, ಜಮ್ಮ–ಬಾಣೆ ಎಂಬ ಕೊಡಗಿನ ಹಿಡುವಳಿಯ ತಲೆನೋವೂ ಇಲ್ಲ. ಬೈಲುಕುಪ್ಪೆಯ ಟಿಬೆಟನ್ ಶಿಬಿರದಿಂದ ವ್ಯಾಪಾರವೂ ಇದೆ. ಬರೀ ಹೂಡಿಕೆಗಾದರೆ ತಪ್ಪೇನಿಲ್ಲ. 'ಕೂರ್ಗಿನಲ್ಲಿ ಸೈಟಿದೆ' ಎಂದು ಹೇಳಿಕೊಳ್ಳಬೇಕೆಂದರೆ ಅದು ಸುಳ್ಳಾಗುತ್ತದೆ, ಅಷ್ಟೇ.

ಗೋಣಿಕೊಪ್ಪನಾ, ವಿರಾಜಪೇಟೆನಾ?

ಗೋಣಿಕೊಪ್ಪ ವ್ಯಾಪಾರದ ಊರು, ಪೇಟೆ ಚಿಕ್ಕದು, ಬೆಲೆ ದೊಡ್ಡದು. ಅದಕ್ಕೆ ಅಂಟಿಕೊಂಡ ಅರುವತ್ತೊಕ್ಲು, ಕೈಕೇರಿ ಕಡೆ ಹೋದರೆ ಪೊನ್ನಂಪೇಟೆಗೂ ಹತ್ತಿರ. ಪೊನ್ನಂಪೇಟೆ ಈಗ ತಾಲ್ಲೂಕು, ಅರಣ್ಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಇವೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕೇರಳ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆಯ ಓಟ ಹೆಚ್ಚಿದೆ. ಆದರೆ ಘಾಟಿಯ ರಸ್ತೆ ಮಳೆಗಾಲದಲ್ಲಿ ಮುಚ್ಚುವುದುಂಟು. ವಿರಾಜಪೇಟೆಯಲ್ಲಿ ಬಿಟ್ಟಂಗಾಲದ ಕಡೆ ನೋಡಿ, ಮಲೆತಿರಿಕೆ ಬೆಟ್ಟದ ಬುಡ ಬೇಡ. 2019ರಲ್ಲಿ ಆ ಕಡೆ ಬೆಟ್ಟ ಬಿರುಕು ಬಿಟ್ಟು ಜನರನ್ನು ಎಬ್ಬಿಸಿ ಕಳಿಸಿದ್ದು ಊರಿಗೆಲ್ಲ ಗೊತ್ತು.

ಶನಿವಾರಸಂತೆ, ಕೊಡ್ಲಿಪೇಟೆ ಕಡೆ ನೀರಿನ ಬೆಲೆಗೆ ಸಿಗುತ್ತಂತೆ?

ನೀರಿನ ಬೆಲೆಯಲ್ಲ, ಆದರೂ ಕಮ್ಮಿ. ಪ್ರವಾಸಿಗರು ಆ ಕಡೆ ತಿರುಗುವುದಿಲ್ಲ, ಸಕಲೇಶಪುರಕ್ಕೆ ಹತ್ತಿರ. ಅದು ಒಳ್ಳೆಯ ಜಾತಿಯ ಅಗ್ಗವೇ. ಆದರೆ ಆ ಊರುಗಳಿರುವ ಸೋಮವಾರಪೇಟೆ ತಾಲ್ಲೂಕಿನಲ್ಲಿ 'ಸಿ ಅಂಡ್ ಡಿ' ಜಮೀನಿನ ಗಲಾಟೆ ಇದೆ. ರೈತರು ತಲೆಮಾರಿನಿಂದ ಉಳುತ್ತಿರುವ ಜಾಗ ಅರಣ್ಯದ ಲೆಕ್ಕದಲ್ಲಿ ಕೂತಿದೆ. ಸರ್ವೆ ನಂಬರು ಆ ಪಟ್ಟಿಯಲ್ಲಿ ಇಲ್ಲವೆಂದು ತಾಲ್ಲೂಕು ಕಚೇರಿಯಲ್ಲೂ ಅರಣ್ಯ ಇಲಾಖೆಯಲ್ಲೂ ಬರಹದಲ್ಲಿ ತೆಗೆದುಕೊಳ್ಳದೆ ಮುಂಗಡ ಕೊಡಬೇಡಿ.

ಸೆಂಟು ಅಂದ್ರೆ ಎಷ್ಟು ಅಡಿ?

435.6 ಚದರಡಿ. ನೂರು ಸೆಂಟಿಗೆ ಒಂದು ಎಕರೆ. 30x40 ಸೈಟು ಎಂದರೆ ಎರಡೂ ಮುಕ್ಕಾಲು ಸೆಂಟು.

## ಮಳೆ, ಮಣ್ಣು, ಆನೆ

ಹೊಳೆ ಬದಿ ಸೈಟು, ಏಪ್ರಿಲ್‌ನಲ್ಲಿ ನೋಡಿ ಬಂದೆವು, ಮೊಣಕಾಲುದ್ದ ನೀರಿತ್ತು ಅಷ್ಟೇ. ತಗೊಳ್ಳಬಹುದಾ?

ನಾನೂ ಏಪ್ರಿಲ್‌ನಲ್ಲೇ ನೋಡಿದ್ದೆ. ಕುಶಾಲನಗರದ ಅಂಚಿನಲ್ಲಿ ಒಂದು ಬಡಾವಣೆ, ರಸ್ತೆ, ಚರಂಡಿ, ಕಂಬ ಎಲ್ಲ ನೆಟ್ಟಗಿತ್ತು. ಹೊಳೆಯಲ್ಲಿ ಮಕ್ಕಳು ಕಲ್ಲು ಹಾರಿಸಿ ಆಡುತ್ತಿದ್ದರು. ಊರಲ್ಲೇ ಹುಟ್ಟಿ ಬೆಳೆದವನು, ದಿನಕ್ಕೆ ಹತ್ತು ಕ್ರಯಪತ್ರ ಬರೆಯುವವನು, ಅಗ್ಗ ಯಾಕೆ ಎಂದು ಕೇಳದೆ ತೆಗೆದುಕೊಂಡೆ. 2018ರ ಆಗಸ್ಟ್‌ನಲ್ಲಿ ಸೈಟಿನ ಗಡಿಕಲ್ಲು ಕಾಣಲಿಲ್ಲ. 2019ರ ಆಗಸ್ಟ್‌ನಲ್ಲಿ ಮತ್ತೆ ಕಾಣಲಿಲ್ಲ. ಮಾರಿದವರ ಫೋನು ಅಂದಿನಿಂದ ಸ್ವಿಚ್ಡ್ ಆಫ್.

ಆ ಎರಡು ವರ್ಷ ಸಾಯಿ ಬಡಾವಣೆ, ಕುವೆಂಪು ಬಡಾವಣೆಯ ಮನೆಗಳಿಗೆಲ್ಲ ಕಾವೇರಿ ನುಗ್ಗಿತ್ತು. ಸಿದ್ದಾಪುರದ ಹತ್ತಿರ ನೆಲ್ಯಹುದಿಕೇರಿ, ಕರಡಿಗೋಡಿನ ಹೊಳೆದಂಡೆಯಲ್ಲಿ 2019ರಲ್ಲಿ ಮನೆಗಳೇ ಕುಸಿದವು. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿ ಸೇರುತ್ತದೆ. ಎರಡೂ ತುಂಬಿದ ದಿನ ಕಾವೇರಿಯ ನೀರು ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ ಎಂಬುದು ಇಲ್ಲಿಯವರ ಅನುಭವ. ಹೊಳೆ ಬದಿ ನೋಡಲು ಹೋದರೆ ಪಕ್ಕದ ಹಳೆಯ ಮನೆಯ ಗೋಡೆ ನೋಡಿ. ಸುಣ್ಣ ಬಳಿದಿದ್ದರೂ ಕೆಸರಿನ ಗೆರೆ ಎಲ್ಲೋ ಒಂದು ಮೂಲೆಯಲ್ಲಿ, ಹೆಚ್ಚಾಗಿ ಬಚ್ಚಲಿನ ಹಿಂದೆ, ಉಳಿದಿರುತ್ತದೆ.

ಗುಡ್ಡ ಜಾರುತ್ತೋ ಇಲ್ವೋ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

2018ರಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಒಂದೊಂದು ವರ್ಷ ಒಂದೊಂದು ಕಡೆ, ಆದ್ದರಿಂದ 'ಇಲ್ಲಿ ಇದುವರೆಗೆ ಜಾರಿಲ್ಲ' ಎಂಬ ಮಾತಿಗೆ ಬೆಲೆ ಕೊಡಬೇಡಿ. ಕಣ್ಣಿಗೆ ಬೀಳುವ ಗುರುತುಗಳಿವೆ. ಮನೆಗೆ ಸಮತಟ್ಟು ಮಾಡಲು ಜೆಸಿಬಿಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರಾ? ಕಡಿದ ಮಣ್ಣನ್ನು ಕೆಳಗಡೆಗೆ ತಳ್ಳಿ ಅದರ ಮೇಲೇ ಸೈಟು ಅಂದಿದ್ದಾರಾ? ಮಣ್ಣು ತುಂಬಿಸಿದ ಜಾಗದಲ್ಲಿ ಮರದ ಬುಡ ಹೂತುಹೋಗಿರುತ್ತದೆ, ಕಂಬಗಳು ವಾಲಿರುತ್ತವೆ. ಮೇಲ್ಗಡೆ ಯಾರಾದರೂ ಮಳೆನೀರು ಇಂಗಿಸಲು ಕೆರೆ ತೋಡಿದ್ದಾರಾ ನೋಡಿ. ಹಳೆಯ ತೋಡು ಎಲ್ಲಿ ಹರಿಯುತ್ತಿತ್ತು ಎಂದು ಕೇಳಿ. ತೋಡನ್ನು ಮುಚ್ಚಿ ಲೇಔಟ್ ಮಾಡಿದ್ದರೆ ನೀರು ತನ್ನ ದಾರಿಯನ್ನು ಒಂದಲ್ಲ ಒಂದು ದಿನ ಹುಡುಕಿಕೊಂಡು ಬರುತ್ತದೆ.

ಆನೆ ಬರುತ್ತಾ?

ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ, ಕುಶಾಲನಗರ ದಾಟಿದ ಮೇಲೆ ಆನೆಕಾಡು: ಹೌದು, ಬರುತ್ತದೆ. ಹಲಸಿನ ಕಾಲದಲ್ಲಿ ಖಂಡಿತ. ಬಾಡಿಗೆಯವರು ಸಂಜೆ ಆರರ ಮೇಲೆ ಬೈಕಿನಲ್ಲಿ ಮನೆಗೆ ಬರಬಲ್ಲರೇ ಎಂಬುದೇ ನಿಮ್ಮ ಲೆಕ್ಕ.

## ಕಾಗದಪತ್ರದವು

ಜಮ್ಮ ಬಾಣೆ ಜಾಗ ಅರ್ಧ ರೇಟಿಗೆ ಕೊಡ್ತೀನಿ ಅಂತಿದ್ದಾರೆ. ಏನಿದು ಜಮ್ಮ?

ಕೊಡಗಿಗೇ ವಿಶೇಷವಾದ ಹಿಡುವಳಿ. ಒಕ್ಕಕ್ಕೆ, ಅಂದರೆ ಒಂದೇ ಮೂಲದ ಕುಟುಂಬಕ್ಕೆ, ತಲೆತಲಾಂತರದಿಂದ ಬಂದ ಗದ್ದೆ ಜಮ್ಮ. ಆ ಗದ್ದೆಗೆ ಸೊಪ್ಪು, ಸೌದೆ, ಮೇವಿಗೆಂದು ಜೊತೆಯಲ್ಲಿ ಬಿಟ್ಟ ಕಾಡು ಬಾಣೆ. ಈಗ ಆ ಬಾಣೆಯಲ್ಲೆಲ್ಲ ಕಾಫಿ, ಮೆಣಸು. ಪಹಣಿಯಲ್ಲಿ ಪಟ್ಟೆದಾರರ ಹೆಸರಿರುತ್ತದೆ. ಆ ಪಟ್ಟೆದಾರರು ತೀರಿಕೊಂಡು ಮೂರು ತಲೆಮಾರಾಗಿರಬಹುದು, ಒಕ್ಕದಲ್ಲಿ ಹಕ್ಕುದಾರರು ಐವತ್ತು ಜನ ಇರಬಹುದು, ಅದರಲ್ಲಿ ಹತ್ತು ಜನ ಹೊರದೇಶದಲ್ಲಿರಬಹುದು. 2011ರಲ್ಲಿ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದು ಬಾಣೆಯ ಹಕ್ಕಿಗೆ ಬಲ ಕೊಟ್ಟರು, ನಿಜ. ಆದರೆ ಕಾಯ್ದೆ ಹಕ್ಕು ಕೊಡುತ್ತದೆ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಕೂತು ಪಾಲು ಮಾಡಿಕೊಡುವುದಿಲ್ಲ.

ಆದ್ದರಿಂದ ಪ್ರಶ್ನೆ ಒಂದೇ: ಒಕ್ಕದೊಳಗೆ ವಿಭಾಗಪತ್ರ ನೋಂದಣಿಯಾಗಿದೆಯಾ, ಮಾರುವವರ ಪಾಲನ್ನು ಅಳೆದು ಬೇರೆ ಮಾಡಿ ಪ್ರತ್ಯೇಕ ಪೋಡಿಯಾಗಿ ಅವರದೇ ಹೆಸರಿಗೆ ಪಹಣಿ ಬಂದಿದೆಯಾ? ಆಗಿದ್ದರೆ ಮಾತು ಮುಂದುವರಿಸಿ. 'ಬಾಯ್ಮಾತಿನಲ್ಲಿ ಪಾಲಾಗಿದೆ, ಬೇಲಿ ಇದೆ ನೋಡಿ' ಎಂದರೆ ಕಾಫಿ ಕುಡಿದು ಎದ್ದು ಬನ್ನಿ. ಅವರು ಮೋಸಗಾರರಲ್ಲ, ನಿಜವಾಗಿಯೂ ಅವರದೇ ಜಾಗ. ಆದರೆ ನಾಳೆ ಅವರ ದೊಡ್ಡಪ್ಪನ ಮೊಮ್ಮಗ ಕೋರ್ಟಿಗೆ ಹೋದರೆ ಅಲೆಯುವುದು ನೀವು.

ಪಹಣಿಯಲ್ಲಿ 'ಅನ್‌ರಿಡೀಮ್ಡ್ ಸಾಗು' ಅಂತಿದೆ. ತೊಂದರೆನಾ?

ಜಾಗ ಅವರದು, ಮರ ಸರ್ಕಾರದ್ದು ಎಂದರ್ಥ. ಮರದ ಬೆಲೆ ಕಟ್ಟಿ ಬಿಡಿಸಿಕೊಂಡದ್ದು ರಿಡೀಮ್ಡ್. ಮನೆ ಕಟ್ಟಲು ಹೊರಟಾಗ ಮಧ್ಯದಲ್ಲಿ ಬೀಟೆಮರ ನಿಂತಿದ್ದರೆ ಆಗ ಈ ಪದದ ಭಾರ ತಿಳಿಯುತ್ತದೆ.

ಪೈಸಾರಿ ಜಾಗ, ಮೂವತ್ತು ವರ್ಷದಿಂದ ಅವರೇ ಇದ್ದಾರೆ, ಕರೆಂಟ್ ಬಿಲ್ಲೂ ಇದೆ.

ಪೈಸಾರಿ ಎಂದರೆ ಸರ್ಕಾರಿ ಜಾಗ. ಕರೆಂಟ್ ಬಿಲ್ಲು ಹಕ್ಕುಪತ್ರವಲ್ಲ. ಹಕ್ಕುಪತ್ರ ಸಿಕ್ಕಿದ್ದರೂ ಇಷ್ಟು ವರ್ಷ ಮಾರುವಂತಿಲ್ಲ ಎಂಬ ಷರತ್ತು ಅದರ ಹಿಂದುಗಡೆ ಇರುತ್ತದೆ, ತಿರುಗಿಸಿ ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಎಷ್ಟು ವರ್ಷದ ಮೇಲಾದರೂ ರದ್ದಾಗಬಹುದು. ದೇವರಕಾಡಿನ ಮಾತಂತೂ ಎತ್ತಲೇಬೇಡಿ.

ಕಾಫಿ ತೋಟದ ಒಳಗೆ ಐದೈದು ಸೆಂಟು ಮಾಡಿ ಕೊಡ್ತಿದ್ದಾರೆ. ಪಂಚಾಯಿತಿ ಖಾತೆ ಆಗುತ್ತಂತೆ.

ಮೂರು ಕಾಗದ ಕೇಳಿ: ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರಂ 9 ಮತ್ತು 11ಎ. 11ಬಿ ತೋರಿಸಿ 'ಇದೂ ಅದೇ' ಎನ್ನುತ್ತಾರೆ, ಅದೇ ಅಲ್ಲ. ಅದು ಅಕ್ರಮ ಸ್ವತ್ತಿನಿಂದಲೂ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ವಹಿ. ಬ್ಯಾಂಕಿನವರ ಮುಂದೆ ಇಟ್ಟರೆ ಸಾಲದ ಫೈಲು ಅಲ್ಲಿಗೇ ಮುಚ್ಚುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆಯೂ ಬೇಕು. 2020ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಅದು ಸೈಟಾಗುವುದಿಲ್ಲ, ತೋಟ ತೋಟವೇ. ಒಂದು ಎಕರೆಯಲ್ಲಿ ಇಪ್ಪತ್ತು ಜನರ ಹೆಸರು ಜಂಟಿ ಹಾಕಿ 'ನಿಮ್ಮ ಪಾಲು ಐದು ಸೆಂಟು' ಎಂಬ ಹೊಸ ಕಲೆಯೊಂದು ಬಂದಿದೆ. ನಾನು ಅಂಥ ಪತ್ರ ಬರೆಯುವುದಿಲ್ಲ. ಬರೆಯುವವರು ಪಕ್ಕದ ಮೇಜಿನಲ್ಲಿ ಇದ್ದಾರೆ, ಅದು ಬೇರೆ ಮಾತು.

ಪಹಣಿ ಇದೆ, ಇಸಿ ಇದೆ. ಸಾಕಲ್ವಾ?

ಪಹಣಿಯೂ ಇಸಿ, ಅಂದರೆ ಋಣಭಾರ ಪತ್ರವೂ, ಹೆಸರಿನ ಕಥೆ ಹೇಳುತ್ತವೆ, ನೆಲದ ಕಥೆಯಲ್ಲ. ನೆಲದ ಮೇಲೆ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರು ತಾಳೆಯಾಗುತ್ತದಾ ನೋಡಿ. ಅಂದಾಜಿಗೆ ಅದು ಸಾಕು, ಅಳತೆಗೆ ಸಾಲದು. ಅಳತೆಗೆ ಸರ್ಕಾರಿ ಸರ್ವೇಯರ್ ಬರಬೇಕು, ಹದ್ದುಬಸ್ತು, ಅಂದರೆ ಗಡಿ ಗುರುತು, ಆಗಬೇಕು. ಜಮೀನಿನ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇಲ್ಲದೆ ನೋಂದಣಿಯೇ ಇಲ್ಲ. ರಸ್ತೆ ಎಲ್ಲಿಂದ ಎಂಬುದನ್ನು ಗ್ರಾಮನಕ್ಷೆಯಲ್ಲಿ ಹುಡುಕಿ. ಎಷ್ಟೋ ತೋಟಗಳಿಗೆ ಪಕ್ಕದವರ ಕಾಫಿಯ ನಡುವೆ ಜೀಪು ಹೋಗುವ ದಾರಿ ಇರುತ್ತದೆ. ಅದು ಸ್ನೇಹದ ದಾರಿ, ಮಾಲೀಕರು ಬದಲಾದ ದಿನ ಗೇಟು ಬೀಳುತ್ತದೆ.

## ಹಣದ ಲೆಕ್ಕ ಬಲ್ಲವರದು

ನೋಂದಣಿಗೆ ಎಷ್ಟು ತೆಗೆದಿಡಬೇಕು?

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 20 ಲಕ್ಷದ ಹಳ್ಳಿ ಸೈಟಿಗೆ ಮುದ್ರಾಂಕ 1 ಲಕ್ಷ, ಸೆಸ್ 10 ಸಾವಿರ, ಸರ್‌ಚಾರ್ಜ್ 3 ಸಾವಿರ, ನೋಂದಣಿ 40 ಸಾವಿರ. ಒಟ್ಟು 1,53,000. ನನ್ನ ಕೂಲಿ ಬೇರೆ.

ಹೋಂಸ್ಟೇ ಮಾಡಿದರೆ ತಿಂಗಳ ಬಾಡಿಗೆಗಿಂತ ಲಾಭ ಅಲ್ವಾ?

ನೀವೇ ಬಂದು ಇಲ್ಲಿ ಇರುವುದಾದರೆ ಮಾತಾಡೋಣ. ಹೋಂಸ್ಟೇ ಎಂದರೆ ಮಾಲೀಕರು ವಾಸವಿರುವ ಮನೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಬೆಂಗಳೂರಿನಲ್ಲಿ ಕೂತು ಕೇರ್‌ಟೇಕರ್ ಕೈಗೆ ಬೀಗ ಕೊಟ್ಟರೆ ಅದು ಹೋಂಸ್ಟೇಯೂ ಅಲ್ಲ, ಉಳಿಯುವುದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಜಾರಿದ ಒಂದೇ ಸುದ್ದಿಗೆ ಬುಕ್ಕಿಂಗ್ ಎಲ್ಲ ರದ್ದು.

ತಿಂಗಳ ಬಾಡಿಗೆಯ ಲೆಕ್ಕ ಸರಳ. ಜಾಗ, ಮನೆ ಸೇರಿ 40 ಲಕ್ಷ ಹಾಕಿ ಎರಡು ಮನೆಯಿಂದ 8 ಸಾವಿರದಂತೆ 16 ಸಾವಿರ ಬಂದರೆ ವರ್ಷಕ್ಕೆ 1.92 ಲಕ್ಷ, ಶೇ 4.8. ಕಂದಾಯ, ಪಾಚಿ ಹಿಡಿದ ಗೋಡೆಗೆ ಬಣ್ಣ, ಖಾಲಿ ಬಿದ್ದ ತಿಂಗಳು ಕಳೆದರೆ ಶೇ 4ರ ಹತ್ತಿರ. ಸಾಲದ ಬಡ್ಡಿ ಅದಕ್ಕಿಂತ ಎಷ್ಟೋ ಮೇಲಿದೆ. ಆದ್ದರಿಂದ ಪೂರ್ತಿ ಸಾಲ ಮಾಡಿ ಬಾಡಿಗೆಯಿಂದ ಕಂತು ಕಟ್ಟುತ್ತೇನೆ ಎನ್ನುವವರಿಗೆ ಕೊಡಗು ಒಳ್ಳೆಯ ಜಾಗವಲ್ಲ. ನೋಟ ಇರುವ ಸೈಟಿನಲ್ಲಿ ಈ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ, ಯಾಕೆಂದರೆ ಬಾಡಿಗೆಯವರು ನೋಟಕ್ಕೆ ಕಾಸು ಕೊಡುವುದಿಲ್ಲ.

ರೈಲು ಬರುತ್ತೆ, ಯೂನಿವರ್ಸಿಟಿ ಬರುತ್ತೆ, ಈಗಲೇ ತಗೊಳ್ಳಿ ಅಂತ ಬ್ರೋಕರ್ ಅವಸರ ಮಾಡ್ತಿದ್ದಾನೆ.

ಮೈಸೂರು–ಕುಶಾಲನಗರ ರೈಲಿನ ಮಾತು ನಾನು ಚಡ್ಡಿ ಹಾಕುವಾಗಿನಿಂದ ಕೇಳುತ್ತಿದ್ದೇನೆ. ಜಿಲ್ಲೆಯಲ್ಲಿ ಒಂದು ಅಡಿ ಹಳಿ ಇಲ್ಲ. ಕೊಡಗು ವಿಶ್ವವಿದ್ಯಾಲಯ ಚಿಕ್ಕ ಅಳುವಾರದಲ್ಲಿ ಬಂತು, ಸುತ್ತ ಬೆಲೆ ಎದ್ದಿತು. 2025ರಲ್ಲಿ ರಾಜ್ಯದ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಪ್ರಸ್ತಾಪ ಬಂದಾಗ ಆ ಪಟ್ಟಿಯಲ್ಲಿ ಕೊಡಗೂ ಇತ್ತು. ಮೈಸೂರು–ಕುಶಾಲನಗರ ಹೆದ್ದಾರಿಗೆ 2023ರಲ್ಲಿ ಶಂಕುಸ್ಥಾಪನೆ ಆಗಿದೆ, ಅದನ್ನು ನಂಬಬಹುದು. ಆದರೆ ರಸ್ತೆಗೆ ಹೋಗುವ ಸರ್ವೆ ನಂಬರುಗಳಲ್ಲಿ ನಿಮ್ಮದೂ ಇದೆಯಾ ಎಂದು ಮೊದಲು ನೋಡಿ. ಘೋಷಣೆ ಎಲ್ಲ ಸುಳ್ಳಾದರೂ ಇವತ್ತಿನ ಬಾಡಿಗೆಯಲ್ಲಿ ಈ ಜಾಗ ನನಗೆ ಸಮಾಧಾನವೇ ಎಂದು ಕೇಳಿಕೊಂಡರೆ ಅವಸರ ತಾನಾಗಿ ಇಳಿಯುತ್ತದೆ.

ನಾನು ದುಬೈನಲ್ಲಿದ್ದೇನೆ ಅಣ್ಣ. ಎರಡು ಎಕರೆ ತೋಟ ತಗೊಂಡು ತಮ್ಮನ ಕೈಲಿ ಜಿಪಿಎ ಮೇಲೆ ನೋಡಿಕೊಳ್ಳಬಹುದಾ?

ಅನಿವಾಸಿ ಭಾರತೀಯರು ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ನಿಯಮ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಜಿಪಿಎ ಕೆಲಸ ಮಾಡಿಸಲು ಕೊಡುವ ಅಧಿಕಾರ ಅಷ್ಟೇ, ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಯಾರಾದರೂ ಜಿಪಿಎ ಮೇಲೆ ಜಾಗ ಮಾರಲು ಬಂದರೂ ಇದೇ ಉತ್ತರ.

ಎಷ್ಟು ವರ್ಷ ಇಟ್ಟುಕೊಂಡು ಮಾರಬೇಕು?

ಎರಡು ವರ್ಷ ದಾಟಿದರೆ ದೀರ್ಘಾವಧಿ ಲಾಭ, ಶೇ 12.5 ತೆರಿಗೆ. ಅದು ಕಾನೂನಿನ ಉತ್ತರ. ನನ್ನ ಉತ್ತರ ಏಳೆಂಟು ವರ್ಷ. ಇಲ್ಲಿ ಕೊಳ್ಳುವವರು ಕಮ್ಮಿ. ಮೈಸೂರಿನಲ್ಲಿ ಮಾರಾಟಕ್ಕಿಟ್ಟರೆ ವಾರಕ್ಕೆ ನಾಲ್ಕು ಫೋನು ಬರುತ್ತದೆ, ಹೆಬ್ಬಾಲೆಯಲ್ಲಿ ತಿಂಗಳಿಗೊಂದು ಬಂದರೆ ಭಾಗ್ಯ. ಮಗಳ ಮದುವೆಗೆಂದು ಇಟ್ಟ ದುಡ್ಡು ಇದಕ್ಕೆ ಹಾಕಬೇಡಿ.

ಹೊರಗಿನವರು ಜಾಗ ತಗೊಂಡರೆ ಊರವರಿಗೆ ಬೇಸರನಾ?

ಕೆಲವರಿಗೆ ಹೌದು, ಅದಕ್ಕೆ ಕಾರಣವೂ ಇದೆ. ದೊಡ್ಡ ದೊಡ್ಡ ತೋಟ ಕೊಂಡು, ಮರ ಕಡಿದು, ಗುಡ್ಡ ಬಗೆದು ರೆಸಾರ್ಟು ಮಾಡಿದವರ ಮೇಲೆ ಸಿಟ್ಟಿದೆ. ಕೂಡುಮಂಗಳೂರಿನಲ್ಲಿ 30x40ರಲ್ಲಿ ಎರಡು ಬಾಡಿಗೆ ಮನೆ ಕಟ್ಟಿದ ಮೇಷ್ಟರ ಮೇಲೆ ಯಾರಿಗೂ ಸಿಟ್ಟಿಲ್ಲ. ಊರಿನ ಹಬ್ಬಕ್ಕೆ ಚೀಟಿ ತಂದಾಗ ಬಾಗಿಲು ತೆರೆಯಿರಿ.

ಜಾಗ ನೋಡಲು ಯಾವಾಗ ಬರಲಿ?

ಕೊಡವರ ಕಕ್ಕಡ ತಿಂಗಳ ಹದಿನೆಂಟರ ಸುಮಾರಿಗೆ, ಆಗಸ್ಟ್ 3. ಮಳೆ ಜೋರಾಗಿರುತ್ತದೆ, ಹೊಳೆ ಎಲ್ಲಿಯವರೆಗೆ ಬರುತ್ತದೆ, ರಸ್ತೆ ಎಲ್ಲಿ ಕೊಚ್ಚುತ್ತದೆ, ಕರೆಂಟು ಎಷ್ಟು ದಿನ ಹೋಗುತ್ತದೆ ಎಲ್ಲ ಕಣ್ಣಿಗೇ ಕಾಣುತ್ತದೆ. ಬ್ರೋಕರ್ ಮಾತ್ರ 'ಈಗ ಬೇಡ ಸರ್, ಡಿಸೆಂಬರ್‌ನಲ್ಲಿ ಬನ್ನಿ' ಎನ್ನುತ್ತಾನೆ. ಯಾರದಾದರೂ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಕೊಟ್ಟರೆ ಬೇಡ ಎನ್ನಬೇಡಿ. ಬೂಟು ಹಾಕಿಕೊಂಡು ಬನ್ನಿ, ಜಿಗಣೆಗೆ ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.